ದಬ್ಬಾಳಿಕೆಯ ಕಾಲದ ಕಾದಂಬರಿ: ಯಾರ ದನಿಯಲ್ಲಿ ಕೇಳುವುದು?

ತುರ್ತು ಪರಿಸ್ಥಿತಿ, ಹೈದರಾಬಾದ್ ನಿಜಾಮನ ಕಾಲದ ರಜಾಕಾರರ ಹಾವಳಿ, ಸ್ಟಾಲಿನ್ ಕಾಲದ ಸೈಬೀರಿಯಾ ಗಡೀಪಾರು, ಸರ್ವಾಧಿಕಾರಿ ಚೌಷೆಸ್ಕುವಿನ ರೊಮೇನಿಯಾ. ಇಂಥ ಕಾಲ ದಾಟಿ ಬದುಕಿದವರ ಕಾದಂಬರಿಗಳನ್ನು ತುಮಕೂರಿನಲ್ಲಿ ನಾವು ಮೂರು ಬಗೆಯಲ್ಲಿ ಕೇಳಿ ನೋಡಿದ್ದೇವೆ: ಆ್ಯಪ್‌ನ ಆಡಿಯೋ ಪುಸ್ತಕ, ಇ-ಪುಸ್ತಕವನ್ನು ಮೊಬೈಲ್‌ನಿಂದಲೇ ಓದಿಸುವುದು, ನಾಲ್ಕಾರು ಜನ ಕೂತು ಒಬ್ಬರು ಗಟ್ಟಿಯಾಗಿ ಓದುವುದು. ಈ ಕಾದಂಬರಿಗಳಲ್ಲಿ ಬಾಯಿಬಿಟ್ಟು ಹೇಳದ ಮಾತೇ ಹೆಚ್ಚು. ಯಾರು ಗೆಳೆಯ, ಯಾರು ಪೊಲೀಸರಿಗೆ ಸುದ್ದಿ ಮುಟ್ಟಿಸುವವ ಎಂಬುದು ಒಂದು ತಡವರಿಕೆಯಲ್ಲೇ ತಿಳಿಯಬೇಕು. ಹಾಗಾಗಿ ಮೊದಲ ಸಲ ಕೇಳುವುದಾದರೆ ಮನುಷ್ಯರ ದನಿಯೇ ಬೇಕು.

ಆಡಿಯೋ ಪುಸ್ತಕದಲ್ಲಿ ಒಬ್ಬರೇ ಓದಿದ್ದನ್ನು ಆರಿಸಿ. ಹಿನ್ನೆಲೆ ಸಂಗೀತ, ಬೂಟಿನ ಸದ್ದು, ಗುಂಡಿನ ಸದ್ದು ಸೇರಿಸಿದ ನಾಟಕ ರೂಪದಲ್ಲಿ ವಿಚಾರಣೆಯ ದೃಶ್ಯ ಕೆಡುತ್ತದೆ. ಭಯ ಹುಟ್ಟಬೇಕಾದ ಮೌನವನ್ನೆಲ್ಲ ಪಿಟೀಲು ತುಂಬಿಬಿಡುತ್ತದೆ. ಕೊಳ್ಳುವ ಮುಂಚೆ ಮಾದರಿ ತುಣುಕಿನಲ್ಲಿ ಸಂಭಾಷಣೆ ಇದ್ದರೆ ಅದನ್ನೇ ಕೇಳಿ. ಅಧಿಕಾರಿಯ ಮಾತನ್ನು ಕಿರುಚದೆ, ತಣ್ಣಗೆ ಓದಿದ್ದರೆ ಪುಸ್ತಕ ಚೆನ್ನಾಗಿರುತ್ತದೆ ಎಂದೇ ಲೆಕ್ಕ. 64 ಕೆಬಿಪಿಎಸ್ (ಸೆಕೆಂಡಿಗೆ 64 ಕಿಲೋಬಿಟ್) ಗುಣಮಟ್ಟದ ಕಡತಕ್ಕೆ ಗಂಟೆಗೆ ಸುಮಾರು 29 ಎಂಬಿ, ಹತ್ತು ಗಂಟೆಗೆ 290 ಎಂಬಿ ಬೇಕು. ಬೆಂಗಳೂರಿಗೆ ರೈಲು ಹತ್ತುವವರು ಮನೆಯಲ್ಲೇ ಇಳಿಸಿಕೊಳ್ಳಲಿ. ವೇಗ 1ರಲ್ಲೇ ಇರಲಿ, 1.25ಕ್ಕೆ ಏರಿಸಿದರೆ ಆ ತಡವರಿಕೆಗಳೇ ಮಾಯ.

ಆದರೆ ಕನ್ನಡದಲ್ಲಿ ಆಡಿಯೋ ಆಗಿರದ ಒಳ್ಳೆಯ ಪುಸ್ತಕಗಳು ತುಂಬ ಇವೆ. ಅಲ್ಲಿ ಮೊಬೈಲೇ ಗತಿ. ಆಂಡ್ರಾಯ್ಡ್ ಸೆಟ್ಟಿಂಗ್ಸ್‌ನಲ್ಲಿ 'ಟೆಕ್ಸ್ಟ್ ಟು ಸ್ಪೀಚ್' ಹುಡುಕಿ, ಗೂಗಲ್ ಎಂಜಿನ್ ಆರಿಸಿ, ಕನ್ನಡದ ದನಿಯನ್ನು ಇಳಿಸಿಕೊಂಡರೆ ನೆಟ್ ಇಲ್ಲದೆಯೂ ಓದುತ್ತದೆ. ವೇಗ 0.9 ಸಾಕು. ಪಠ್ಯ ಯೂನಿಕೋಡ್‌ನಲ್ಲಿ, ಅಂದರೆ ಎಲ್ಲ ಸಾಧನಗಳೂ ಗುರುತಿಸುವ ಅಕ್ಷರ ಸಂಕೇತದಲ್ಲಿ, ಇರಲೇಬೇಕು. 'ನುಡಿ', 'ಬರಹ' ತಂತ್ರಾಂಶಗಳ ಹಳೆಯ ಫಾಂಟಿನ ಕಡತ ಕಣ್ಣಿಗೆ ಕನ್ನಡವಾಗಿ ಕಂಡರೂ ಒಳಗಿರುವುದು ಬೇರೆ ಸಂಕೇತ, ಓದಿಸಿದರೆ ಬರೀ ಗೊಂದಲ. ಮೊದಲು ಯೂನಿಕೋಡ್‌ಗೆ ಬದಲಿಸುವ ಪರಿವರ್ತಕ ತಂತ್ರಾಂಶಕ್ಕೆ ಹಾಕಿ. ಸ್ಕ್ಯಾನ್ ಮಾಡಿದ ಪಿಡಿಎಫ್‌ಗೆ ಓಸಿಆರ್ (ಚಿತ್ರದಲ್ಲಿರುವ ಅಕ್ಷರವನ್ನು ಪಠ್ಯವಾಗಿಸುವುದು) ಮಾಡಿಸಿ, ಪುಟಸಂಖ್ಯೆ ಮತ್ತು ಪುಟದ ತಲೆಬರಹ ಅಳಿಸಿ. ಇಲ್ಲದಿದ್ದರೆ ಬಂಧನದ ವಾಕ್ಯದ ನಡುವೆ 'ನೂರ ಹನ್ನೆರಡು' ಎಂದು ನುಗ್ಗುತ್ತದೆ.

ಇದಕ್ಕಿಂತ ದೊಡ್ಡ ತೊಡಕು ಕಾಲದ ಜಿಗಿತ. ಕಾದಂಬರಿ 1976ರ ಜೈಲಿನಿಂದ ನಾಯಕನ ಬಾಲ್ಯಕ್ಕೆ ಹಾರುವಾಗ ಅಚ್ಚಿನಲ್ಲಿ ಒಂದು ಖಾಲಿ ಸಾಲೋ ಮೂರು ನಕ್ಷತ್ರವೋ ಇರುತ್ತದೆ. ಯಂತ್ರ ಅದನ್ನು ಉಸಿರೆಳೆಯದೆ ದಾಟುತ್ತದೆ. ಸೆರೆಮನೆಯ ಗೋಡೆಯ ಪಕ್ಕದಲ್ಲೇ ಅಜ್ಜಿಯ ಹಿತ್ತಿಲು ಬಂದುಬಿಡುತ್ತದೆ. ನಕ್ಷತ್ರ ಇರುವಲ್ಲೆಲ್ಲ 'ದೃಶ್ಯ ಬದಲು' ಎಂದು ಸೇರಿಸಿದರೆ ಎಳೆ ತಪ್ಪುವುದಿಲ್ಲ. ಇಬ್ಬರ ಮಾತನ್ನು ಹೆಸರಿಲ್ಲದೆ ಬರೀ ಉದ್ಧರಣ ಚಿಹ್ನೆಯಲ್ಲಿ ಕೊಟ್ಟಿರುವ ವಿಚಾರಣೆಗೆ ಮಾತ್ರ ಯಾವ ಉಪಾಯವೂ ಸಾಲದು. ಪ್ರಶ್ನೆ ಯಾರದು, ಉತ್ತರ ಯಾರದು ಎಂದು ಐದಾರು ಸಾಲಿನಲ್ಲೇ ಕಲಸಿಹೋಗುತ್ತದೆ. ಆ ಪುಟಗಳನ್ನು ಕಣ್ಣಲ್ಲೇ ಓದಿ.

ಕೂಟದ ಓದು ನಿಧಾನ. 300 ಪುಟಕ್ಕೆ ಹತ್ತು ಗಂಟೆಯ ಮೇಲೆ, ವಾರಕ್ಕೊಮ್ಮೆ ಕೂತರೆ ಎರಡು ಮೂರು ತಿಂಗಳು. ಆದರೂ ಚಿತ್ರಹಿಂಸೆಯ ಅಧ್ಯಾಯಗಳಿಗೆ ಇದಕ್ಕೆ ಸಮ ಇಲ್ಲ. ಕಣ್ಣಲ್ಲಿ ಓದುವಾಗ ಬೇಡವೆನಿಸಿದ ಸಾಲನ್ನು ಹಾರಿಸಿಬಿಡಬಹುದು, ಇಯರ್‌ಫೋನ್ ಹಾಕಿಕೊಂಡ ಕಿವಿಗೆ ಆ ಅವಕಾಶವಿಲ್ಲ. ಕೂಟದಲ್ಲಿ ಯಾರಾದರೂ ಕೈ ಎತ್ತಿದರೆ ಓದು ನಿಲ್ಲುತ್ತದೆ, ಮಾತು ಶುರುವಾಗುತ್ತದೆ. ಗೌರಿಬಿದನೂರು ಕಡೆಯವರಿದ್ದರೆ 1938ರ ಏಪ್ರಿಲ್ 25ರಂದು ಅಲ್ಲಿನ ವಿದುರಾಶ್ವತ್ಥದಲ್ಲಿ ಸ್ವಾತಂತ್ರ್ಯ ಹೋರಾಟಗಾರರ ಮೇಲೆ ನಡೆದ ಗೋಲಿಬಾರ್‌ನ ಮಾತು ಬಂದೇ ಬರುತ್ತದೆ. ಬರಲಿ, ಅದಕ್ಕೆಂದೇ ಕಾಲು ಗಂಟೆ ಇಟ್ಟುಕೊಳ್ಳಿ. ಓದುವವರನ್ನು ಅರ್ಧ ಗಂಟೆಗೊಮ್ಮೆ ಬದಲಿಸಿ, ಗಂಟಲು ದಣಿದರೆ ದನಿ ಸಪ್ಪೆಯಾಗುತ್ತದೆ. ವಿದೇಶಿ ಹೆಸರುಗಳನ್ನು, ಅವರು ಯಾರಿಗೆ ಏನಾಗಬೇಕು ಎಂಬುದರ ಸಮೇತ, ಒಂದು ದೊಡ್ಡ ಹಾಳೆಯಲ್ಲಿ ಬರೆದು ಎಲ್ಲರಿಗೂ ಕಾಣುವಂತೆ ಅಂಟಿಸಿ.