ದೊಡ್ಡಪ್ಪನ ಎಚ್‌ಎಂಟಿ ವಾಚು ಮತ್ತು ಒಂದು ನೀಲಿ ಸ್ಕ್ರೂ

ವಾಚನ್ನು ರಿಪೇರಿಗೆ ಕೊಡೋ ಮುಂಚೆ ಹಿಂದಿನ ಮುಚ್ಚಳ ತೆಗೆಸಿ, ಒಳಗಿನ ಮಿಷಿನ್ನಿನ ಫೋಟೋ ಹೊಡ್ಕೊಳ್ಳಿ. ಹೇಳಬೇಕಾಗಿದ್ದು ಇಷ್ಟೇ. ಆದರೆ ಇಂಥ ಒಂದು ಸಾಲಿನ ಬುದ್ಧಿಮಾತು ನಾನೂ ಬೇಕಾದಷ್ಟು ಓದಿದ್ದೆ, ಒಂದೂ ತಲೆಗೆ ಹತ್ತಿರಲಿಲ್ಲ. ಅದಕ್ಕೇ ನಡೆದದ್ದನ್ನು ಪೂರ್ತಿ ಬರೀತಾ ಇದ್ದೀನಿ. ಅಂಗಡಿ ಹೆಸರು ಹಾಕಲ್ಲ. ನನ್ನ ಹತ್ತಿರ ಬಿಲ್ ಇಲ್ಲ. ಯಾಕಿಲ್ಲ ಅನ್ನೋದು ಮುಂದೆ ಗೊತ್ತಾಗುತ್ತೆ.

ಮೊದಲ ತಪ್ಪು ನಂದೇ. ಎರಡು ವರ್ಷದ ಹಿಂದೆ ಕಿರೀಟದ ಗುರುತಿನ ಆ ದುಬಾರಿ ವಾಚಿನ ನಕಲು ಒಂದನ್ನು 6,500 ರೂಪಾಯಿಗೆ ಕೊಂಡೆ. "ಫಸ್ಟ್ ಕಾಪಿ ಸರ್, ಒಳಗೆ ಸ್ವಿಸ್ ಇಟಿಎ 2824" ಅಂದ ಮಾರಿದವನು. ಇಟಿಎ ಅಂದರೆ ವಾಚಿನ ಮಿಷಿನ್ ಮಾಡೋ ಸ್ವಿಸ್ ಕಂಪನಿ, 2824 ಅದರ ಒಂದು ಮಾಡೆಲ್. ನಕಲಿ ಬ್ರ್ಯಾಂಡ್ ಮಾರೋದು ಅಪರಾಧ ಅಂತ ಗೊತ್ತಿತ್ತು. ಗೊತ್ತಿದ್ದೂ ಕೊಂಡೆ, ಚಪಲ. ಐದೇ ತಿಂಗಳಿಗೆ ತಾರೀಖು ಮಧ್ಯಾಹ್ನ ಬದಲಾಗೋಕೆ ಶುರುವಾಯ್ತು. ಆಗ ಅವೆನ್ಯೂ ರಸ್ತೆ ಕಡೆಯ ಒಂದು ಗಲ್ಲಿಯಲ್ಲಿ, ಸ್ಟೂಲ್ ಹಾಕೋಕೂ ಜಾಗ ಇಲ್ಲದ ಅಂಗಡಿಯಲ್ಲಿ, ಈ ರಿಪೇರಿಯವನು ಸಿಕ್ಕಿದ. ಮುಚ್ಚಳ ತೆಗೆದವನೇ ನಕ್ಕ. "ಇಟಿಎನೂ ಇಲ್ಲ ಗಿಟಿಎನೂ ಇಲ್ಲ ಸರ್, ಇದು ಚೀನಾದ 2813."

ಅವನು ಹೇಳಿದ್ದು ನಿಜವೇ. ಇದನ್ನು ಯಾರು ಬೇಕಾದರೂ ಮನೆಯಲ್ಲೇ ಕಂಡುಹಿಡಿಯಬಹುದು. ಅಸಲಿ 2824 ಗಂಟೆಗೆ 28,800 ಸಲ ಬಡಿಯುತ್ತೆ, ಅಂದರೆ ಸೆಕೆಂಡಿಗೆ ಎಂಟು. 2813 ಬಡಿಯೋದು 21,600, ಸೆಕೆಂಡಿಗೆ ಆರು. ಮೊಬೈಲಿನ ಸ್ಲೋ ಮೋಷನ್‌ನಲ್ಲಿ ಸೆಕೆಂಡಿನ ಮುಳ್ಳನ್ನು ಚಿತ್ರೀಕರಿಸಿ ಒಂದು ಸೆಕೆಂಡಿಗೆ ಎಷ್ಟು ಹೆಜ್ಜೆ ಇಡುತ್ತೆ ಅಂತ ಎಣಿಸಿ. 240 ಫ್ರೇಮ್ ಇದ್ದರೆ ಪ್ರತಿ 30 ಫ್ರೇಮಿಗೆ ಒಂದು ಹೆಜ್ಜೆ ಬರಬೇಕು. ನನ್ನದರಲ್ಲಿ 40ಕ್ಕೆ ಒಂದು ಬಂತು. ಎಂಟು ಬಂದ ಮಾತ್ರಕ್ಕೆ ಅಸಲಿ ಅಂತ ಕುಣಿಯಬೇಡಿ. 2824ಕ್ಕೂ ಚೀನಾದಲ್ಲಿ ತದ್ರೂಪಿಗಳಿವೆ, ಅವೂ ಎಂಟೇ ಬಡಿಯುತ್ತವೆ. ಆರು ಬಂದರೆ ಮಾತ್ರ ಸುಳ್ಳು ಖಚಿತ.

ಆ 2813 ಕೆಟ್ಟ ಮಿಷಿನ್ ಅಂತ ನಾನು ಹೇಳ್ತಿಲ್ಲ. ಅದರ ಮೂಲ ವಿನ್ಯಾಸ ಜಪಾನಿನ ಮಿಯೋಟಾ 8215ದು, ಮಿಯೋಟಾ ಅಂದರೆ ಸಿಟಿಜನ್‌ದೇ ಮನೆ. ನಮ್ಮ ಎಚ್‌ಎಂಟಿಗೆ ವಾಚು ಮಾಡೋದು ಕಲಿಸಿದ್ದೂ ಅದೇ ಸಿಟಿಜನ್, 1961ರಲ್ಲಿ, ಇದೇ ಬೆಂಗಳೂರಲ್ಲಿ. ಸಂಬಂಧ ನೋಡಿ!

ಇರಲಿ. ಆತ 700 ರೂಪಾಯಿಗೆ ತಾರೀಖು ಸರಿ ಮಾಡಿಕೊಟ್ಟ. "ಇದಕ್ಕೆ ಜಾಸ್ತಿ ದುಡ್ಡು ಹಾಕ್ಬೇಡಿ ಸರ್" ಅಂದ. ಅಂಗಡಿಯವನೇ ದುಡ್ಡು ಹಾಕಬೇಡಿ ಅಂದರೆ ಯಾರಿಗೆ ನಂಬಿಕೆ ಬರಲ್ಲ? ಆಮೇಲೆ ಎರಡು ಮೂರು ಸಲ ಹೋದೆ, ಬೆಲ್ಟು, ಬ್ಯಾಟರಿ, ಗ್ಲಾಸು. ಟೀ ಕುಡಿಸಿದ. ಬಿಲ್ ಕೇಳೋದು ಅವಮಾನ ಮಾಡಿದ ಹಾಗೆ ಅನ್ನಿಸೋ ಮಟ್ಟಕ್ಕೆ ಸಲಿಗೆ ಬೆಳೀತು.

ದೊಡ್ಡಪ್ಪ ತೀರಿಕೊಂಡು ಮೂರು ವರ್ಷ. ಅವರ ಎಚ್‌ಎಂಟಿ ಜನತಾ, ಬಿಳಿ ಡಯಲ್ಲು, ಕೀ ಕೊಡುವ ವಾಚು, ವಿದ್ಯಾರಣ್ಯಪುರದ ಮನೆಯ ಬೀರುವಿನಲ್ಲೇ ಇತ್ತು. ದಿನಕ್ಕೆ ಐದಾರು ನಿಮಿಷ ಹಿಂದೆ ಬೀಳ್ತಿತ್ತು. ಎಣ್ಣೆ ಒಣಗಿದ್ದಷ್ಟೇ, ಬೇರೇನೂ ರೋಗ ಇರಲಿಲ್ಲ. ಸರ್ವಿಸ್ ಮಾಡಿಸಿಕೊಂಡು ಬರ್ತೀನಿ ಅಂತ ದೊಡ್ಡಮ್ಮನ ಕೈಯಿಂದ ನಾನೇ ಇಸ್ಕೊಂಡು ಹೋದೆ. 850 ಅಂದ, 400 ಮುಂಗಡ ಕೊಟ್ಟೆ. ಚೀಟಿ ಇಲ್ಲ, ಮುಚ್ಚಳ ತೆಗೆಸಲಿಲ್ಲ, ಫೋಟೋ ಇಲ್ಲ. "ಹತ್ತು ದಿನ ಬಿಟ್ಟು ಬನ್ನಿ" ಅಂದ, ಬಂದುಬಿಟ್ಟೆ.

ಹತ್ತು ದಿನ ಒಂದು ತಿಂಗಳಾಯ್ತು. ವಾಚು ಕೈಗೆ ಬಂದಾಗ ನನಗಂತೂ ಖುಷಿಯೋ ಖುಷಿ. ಹೊಸ ಗ್ಲಾಸು, ಡಯಲ್ಲು ಹಾಲಿನಂತೆ ಬೆಳ್ಳಗೆ. ದೊಡ್ಡಮ್ಮ ಮಾತ್ರ ಕನ್ನಡಕ ಏರಿಸಿ ತುಂಬ ಹೊತ್ತು ನೋಡಿದರು.

"ನಾಲ್ಕರ ಹತ್ರ ಒಂದು ಕಂದು ಮಚ್ಚೆ ಇತ್ತಲ್ಲೋ, ಎಲ್ಲಿ ಹೋಯ್ತು?"

"ಕ್ಲೀನ್ ಮಾಡಿದಾನೆ ದೊಡ್ಡಮ್ಮ."

"ಮಚ್ಚೆ ಕ್ಲೀನ್ ಮಾಡಿದ್ರೆ ಹೋಗಲ್ಲ ಕಣೋ, ಬಣ್ಣ ಬಳಿದ್ರೆ ಹೋಗುತ್ತೆ."

ಒಂದು ವಿಷಯ ಹೇಳೋದು ಮರೆತೆ. ದೊಡ್ಡಮ್ಮ ಜಾಲಹಳ್ಳಿಯ ವಾಚ್ ಫ್ಯಾಕ್ಟರಿಯಲ್ಲಿ ಇಪ್ಪತ್ತೆರಡು ವರ್ಷ ಅಸೆಂಬ್ಲಿಯಲ್ಲಿ ಕೂತವರು. ಅವರ ಪಕ್ಕದಲ್ಲಿ ಕೂರುತ್ತಿದ್ದವರೂ ಹೆಂಗಸರೇ. ದಿನವಿಡೀ ಕಣ್ಣಿಗೆ ಗ್ಲಾಸ್ ಸಿಕ್ಕಿಸಿಕೊಂಡು ಚಿಮಟದಲ್ಲಿ ಚಕ್ರ ಕೂರಿಸಿದ ಕೈ ಅದು. ಇಂಥವರು ಮನೆಯಲ್ಲೇ ಇದ್ದರೂ ಒಂದು ಮಾತು ಕೇಳದೆ ಗಲ್ಲಿಗೆ ಹೋದ ನನ್ನ ಬುದ್ಧಿಗೆ ಏನು ಹೇಳಲಿ.

ಒಂಬತ್ತನೇ ದಿನ ವಾಚು ನಿಂತಿತು. ದೊಡ್ಡಮ್ಮನನ್ನೇ ಕರೆದುಕೊಂಡು ಯಶವಂತಪುರದಲ್ಲಿ ಅವರಿಗೆ ಗೊತ್ತಿದ್ದ ಹಿರಿಯ ರಿಪೇರಿಯವರ ಹತ್ತಿರ ಹೋದೆ. ಅವರು ಮುಚ್ಚಳ ತೆಗೆದು ಬಟ್ಟೆ ಮೇಲೆ ಇಟ್ಟರು. ಮುಚ್ಚಳದ ಒಳಗೆ ಸೂಜಿಯಲ್ಲಿ ಗೀಚಿದ ಸಣ್ಣ ಸಣ್ಣ ಅಂಕಿಗಳು, 3/83, 11/91, ಹೀಗೆ. ಸರ್ವಿಸ್ ಮಾಡಿದವರು ತಮ್ಮ ಗುರುತಿಗೆ ಗೀಚಿಕೊಳ್ಳೋದು. ಮುಚ್ಚಳ ನಮ್ಮದೇ. ದೊಡ್ಡಮ್ಮ ಯಾರನ್ನೂ ಕೇಳದೆ ಆ ಹಿರಿಯರ ಕಣ್ಣಿನ ಗ್ಲಾಸ್ ಎತ್ತಿಕೊಂಡು ಬಗ್ಗಿದರು.

"ಮಿಷಿನ್ ನಮ್ದಲ್ಲ."

ಹೇಗೆ ಗೊತ್ತಾಯ್ತು ಅಂದೆ. 99ರಲ್ಲಿ ದೊಡ್ಡಪ್ಪನ ಕೈಯಿಂದ ವಾಚು ಬಿದ್ದು ಬ್ರಿಡ್ಜಿನ, ಅಂದರೆ ಚಕ್ರಗಳನ್ನು ಮೇಲಿಂದ ಹಿಡಿದಿಡೋ ಲೋಹದ ಪಟ್ಟಿಯ, ಒಂದು ಸ್ಕ್ರೂ ತಲೆ ಮುರಿದಿತ್ತಂತೆ. ದೊಡ್ಡಮ್ಮನೇ ಬದಲಾಯಿಸಿದ್ದರು. ಅಳತೆಗೆ ಸರಿಹೋಗಿ ಕೈಗೆ ಸಿಕ್ಕಿದ್ದು ನೀಲಿ ಸ್ಕ್ರೂ, ಮಿಕ್ಕವೆಲ್ಲ ಬಿಳಿ. "ಅವರು ನಗೋರು, ನನ್ ವಾಚಿಗೆ ಮೂಗುಬೊಟ್ಟು ಇಟ್ಟೆ ನೀನು ಅಂತ." ಈಗ ಅಲ್ಲಿ ಎಲ್ಲವೂ ಬಿಳಿ, ಅದೂ ಸೀಳು ಕಿತ್ತು ಅಂಚು ಎದ್ದುನಿಂತ ಸ್ಕ್ರೂಗಳು. ಅಳತೆ ತಪ್ಪಿದ ಡ್ರೈವರ್‌ನಲ್ಲಿ ಎಷ್ಟೋ ಸಲ ತಿರುವಿದ ಗುರುತು. ಒಂದು ಬ್ರಿಡ್ಜ್ ಹೊಳಪು, ಪಕ್ಕದ್ದು ಮಂಕು. ಎರಡು ಸತ್ತ ವಾಚು ಸೇರಿಸಿ ಒಂದು ಮಾಡಿದ್ದ.

ಡಯಲ್ ಬಿಚ್ಚಿದಾಗ ನಿಂತ ಕಾರಣ ಸಿಕ್ಕಿತು. ಡಯಲ್ಲಿನ ಹಿಂದೆ ಎರಡು ಸಣ್ಣ ಕಾಲು ಇರುತ್ತವೆ, ಮಿಷಿನ್ನಿನ ತೂತಿಗೆ ಇಳಿದು ಕೂರೋಕೆ. ಅವೆರಡನ್ನೂ ಕತ್ತರಿಸಿ, ಡಬಲ್ ಟೇಪಿನಲ್ಲಿ ಅಂಟಿಸಿದ್ದ. ಟೇಪಿನ ಗೋಂದು ಜಾರಿ ಗಂಟೆ ಮುಳ್ಳಿನ ಚಕ್ರಕ್ಕೆ ಮೆತ್ತಿತ್ತು. ಹಿರಿಯರು ಚಿಮಟದಲ್ಲಿ ಎಳೆದರೆ ಹಲಸಿನ ಮೇಣದ ಥರ ನೂಲು ಬಂತು.

ನಮ್ಮ ಮಿಷಿನ್ ಯಾಕೆ ಬೇಕಿತ್ತು ಅವನಿಗೆ? ಇದನ್ನು ಅರ್ಥ ಮಾಡಿಕೊಂಡರೆ ಇಂಥ ಅಂಗಡಿಗಳ ಲೆಕ್ಕಾಚಾರ ಪೂರ್ತಿ ಅರ್ಥವಾಗುತ್ತೆ. ಎಚ್‌ಎಂಟಿ ವಾಚ್ ಕಂಪನಿ ಮುಚ್ಚೋಕೆ ಕೇಂದ್ರ ಸರ್ಕಾರ ಒಪ್ಪಿಗೆ ಕೊಟ್ಟಿದ್ದು 2016ರಲ್ಲಿ. ಹೊಸ ಬಿಡಿಭಾಗ ತಯಾರಾಗಲ್ಲ. ಒಂದು ವಾಚು ಬದುಕಬೇಕಾದರೆ ಇನ್ನೊಂದು ಸಾಯಬೇಕು. ಅತ್ತ ಎಚ್‌ಎಂಟಿಯದೇ ಪೈಲಟ್ ಮಾಡೆಲ್ಲಿಗೆ ಹುಡುಗರು ಮುಗಿಬೀಳ್ತಿದ್ದಾರೆ. ಜನತಾ, ಪೈಲಟ್ ಎರಡರದ್ದೂ ಒಂದೇ ಜಾತಿಯ ಕೀ ಕೊಡುವ 17 ಜುವೆಲ್ ಮಿಷಿನ್. ಹೊಸ ಕೇಸು, ಹೊಸದಾಗಿ ಅಚ್ಚು ಹಾಕಿದ ಕಪ್ಪು ಡಯಲ್ಲು ಸುಲಭವಾಗಿ ಸಿಗುತ್ತೆ; ಸಿಗದೇ ಇರೋದು ಚೆನ್ನಾಗಿ ಓಡುವ ಮಿಷಿನ್. ಅದು ಎಲ್ಲಿಂದ ಬರಬೇಕು? ನಮ್ಮಂಥವರು ಮುಂಗಡ ಕೊಟ್ಟು ತಲುಪಿಸಿ ಬರ್ತೀವಲ್ಲ. "ಹಳೇ ಸ್ಟಾಕ್, ಬಳಸೇ ಇಲ್ಲ" ಅಂತ ಮಾರೋ ಎಷ್ಟು ಪೈಲಟ್‌ಗಳ ಹೊಟ್ಟೆಯಲ್ಲಿ ಯಾರ್ಯಾರ ಅಪ್ಪಂದಿರ ಜನತಾ ಇದೆಯೋ.

ಇಲ್ಲಿ ಸ್ಲೋ ಮೋಷನ್ ಎಣಿಕೆ ಕೆಲಸಕ್ಕೆ ಬರಲ್ಲ. ನಮ್ಮ ಮಿಷಿನ್ನೂ ಗಂಟೆಗೆ 18,000 ಬಡಿತ, ಅವನು ತುರುಕಿದ್ದೂ 18,000, ಸೆಕೆಂಡಿಗೆ ಐದು. ನಕಲಿ ವಾಚಿನಲ್ಲಿ ಮೋಸ ಲೆಕ್ಕಕ್ಕೆ ಸಿಗುತ್ತೆ, ಅಸಲಿಗೆ ಅಸಲಿಯನ್ನೇ ಬದಲಾಯಿಸಿದರೆ ಸಿಗಲ್ಲ. ಫೋಟೋ ಒಂದೇ ಗತಿ: ಬ್ರಿಡ್ಜು, ಸ್ಕ್ರೂ, ಹಿಂದೆ ಮುಂದೆ ಆಡೋ ಬ್ಯಾಲೆನ್ಸ್ ವೀಲ್ ಸ್ಪಷ್ಟವಾಗಿ ಕಾಣೋ ಹಾಗೆ, ಅಂಗಡಿಯವನ ಎದುರಿಗೇ ಹೊಡೀಬೇಕು. ಎದುರಿಗೆ ಹೊಡೆದರೇ ಅರ್ಧ ಕೆಲಸ ಆಯ್ತು. ಡಯಲ್ಲಿಗೆ ಬಣ್ಣ ಬೇಡ, ಪಾಲಿಶ್ ಬೇಡ ಅಂತ ಚೀಟಿಯಲ್ಲೇ ಬರೆಸಿ. ತೆಗೆದ ಹಳೇ ಭಾಗ ವಾಪಸ್ ಕೊಡಿ ಅಂತಾನೂ ಬರೆಸಿ.

ವಾಪಸ್ ಹೋಗಿ ಕೇಳಿದ್ದಕ್ಕೆ "ನಿಮ್ದೇ ಮಿಷಿನ್ ಸರ್, ದೇವರಾಣೆ" ಅಂದ. ದೊಡ್ಡಮ್ಮ ನೀಲಿ ಸ್ಕ್ರೂ ವಿಷಯ ಎತ್ತಿದರು. "ವಯಸ್ಸಾಗಿದೆ ಅಮ್ಮ, ನಿಮಗೆ ಮರೆವು" ಅಂದುಬಿಟ್ಟ. ಅವತ್ತಿನ ಅವರ ಮುಖ ನನಗೆ ಇನ್ನೂ ಮರೆಯೋಕಾಗ್ತಿಲ್ಲ. ಆಟೋದಲ್ಲಿ ಯಶವಂತಪುರ ದಾಟೋವರೆಗೂ ಮಾತಾಡಲಿಲ್ಲ. ದಾಟಿದ ಮೇಲೆ, "ಮರೆವಂತೆ" ಅಂದರು, ಅಷ್ಟೇ.

ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಬಹುದು. 5 ಲಕ್ಷದೊಳಗಿನ ದೂರಿಗೆ ಜಿಲ್ಲಾ ಗ್ರಾಹಕ ಆಯೋಗದಲ್ಲಿ ಶುಲ್ಕವೂ ಇಲ್ಲ. ಆದರೆ ನಾನು ಏನಂತ ತೋರಿಸಲಿ? ಕೊಟ್ಟದ್ದಕ್ಕೆ ಚೀಟಿ ಇಲ್ಲ, ಒಳಗೆ ಏನಿತ್ತು ಅನ್ನೋದಕ್ಕೆ ಫೋಟೋ ಇಲ್ಲ, ಮುಂಗಡ ಕೊಟ್ಟದ್ದೂ ನೋಟಿನಲ್ಲಿ. ಕನಿಷ್ಠ ಯುಪಿಐ ಆದರೂ ಮಾಡಬೇಕಿತ್ತು.

ಆ ಕಲಬೆರಕೆ ಮಿಷಿನ್ನನ್ನೇ ಯಶವಂತಪುರದವರು ಗೋಂದು ತೊಳೆದು, ಡಯಲ್ಲಿಗೆ ಹೊಸ ಕಾಲು ಬೆಸೆದು ಓಡೋ ಹಾಗೆ ಮಾಡಿಕೊಟ್ಟರು. 600 ತಗೊಂಡರು, ಕೇಳದೇ ಬಿಲ್ ಬರೆದರು. ದೊಡ್ಡಮ್ಮ ಅದಕ್ಕೆ ಕೀ ಕೊಡಲ್ಲ. ಬೀರುವಿಗೆ ವಾಪಸ್ ಹೋಯ್ತು.

ಹೋದ ವಾರ ಅವೆನ್ಯೂ ರಸ್ತೆಯವನಿಂದ ವಾಟ್ಸಾಪ್ ಬಂತು. ಬಹುಶಃ ಎಲ್ಲಾ ಗಿರಾಕಿಗಳಿಗೂ ಒಟ್ಟಿಗೆ ಕಳಿಸಿದ್ದು, ನಾನ್ಯಾರು ಅಂತ ನೋಡಿರಲಿಕ್ಕಿಲ್ಲ. ಕಪ್ಪು ಡಯಲ್ಲಿನ ಪೈಲಟ್, "ಹಳೇ ಸ್ಟಾಕ್, ಬಳಸಿಲ್ಲ, 4,500, ಒಂದೇ ಪೀಸ್ ಇದೆ." ಮುಚ್ಚಳ ತೆಗೆದು ಮಿಷಿನ್ ಫೋಟೋ ಕಳಿಸಿ ಅಂತ ಬರೆದೆ. ನೀಲಿ ಟಿಕ್ ಬಿದ್ದು ಆರು ದಿನ ಆಯ್ತು. ದೊಡ್ಡಮ್ಮ ದಿನಾ ಸಂಜೆ ಫೋನ್ ಮಾಡಿ "ಬಂತೇನೋ?" ಅಂತ ಕೇಳ್ತಾರೆ.