ಹೊಸ ಹವಳ, ಸಿಗಡಿ, ಬಸವನಹುಳುಗಳಿಗೆ ಕ್ವಾರಂಟೈನ್ ತೊಟ್ಟಿ: ಡೊಂಬಿವಲಿಯಲ್ಲಿ ಮೂರು ವರ್ಷ ಬಳಸಿದ ಮೇಲೆ

2022ರ ಮೇ ತಿಂಗಳಲ್ಲಿ ಒಂದು ಅಂಗಡಿಯಿಂದ ನಾಲ್ಕು ಟರ್ಬೊ ಬಸವನಹುಳು ತಂದು, ಚೀಲದ ನೀರು ಚೆಲ್ಲಿ, ಸೀದಾ ಮನೆಯ ದೊಡ್ಡ ಉಪ್ಪುನೀರಿನ ಅಕ್ವೇರಿಯಂ ಟ್ಯಾಂಕಿಗೆ ಬಿಟ್ಟೆ. ಹುಳುಗಳು ಗಟ್ಟಿಮುಟ್ಟಾಗಿದ್ದವು. ಅದೇ ರಾತ್ರಿ ಗಾಜಿನ ಮೇಲಿನ ಪಾಚಿ ಮೇಯಲು ಶುರುಮಾಡಿದವು. ಹನ್ನೆರಡನೆಯ ದಿನ ನನ್ನ ಜೋಡಿ ಕ್ಲೌನ್ ಮೀನುಗಳ ರೆಕ್ಕೆಯ ಮೇಲೆ ರವೆ ಉದುರಿಸಿದಂತೆ ಬಿಳಿ ಚುಕ್ಕಿ. ಇನ್ನೊಂದು ವಾರದೊಳಗೆ ಎರಡೂ ಹೋದವು. ನಾಲ್ಕು ವರ್ಷದಿಂದ ಮನೆಯಲ್ಲಿದ್ದ ಮೀನುಗಳು ಅವು. ಅದಕ್ಕೆ ಮುಂಚಿನ ಎಂಟು ತಿಂಗಳು ನಾನು ಒಂದೇ ಒಂದು ಹೊಸ ಮೀನು ತಂದಿರಲಿಲ್ಲ.

ಬಿಳಿ ಚುಕ್ಕಿ ರೋಗದ ಜೀವಿಯ ಹೆಸರು ಕ್ರಿಪ್ಟೊಕ್ಯಾರಿಯಾನ್ ಇರಿಟಾನ್ಸ್. ಬಸವನಹುಳುವಿಗೆ, ಸಿಗಡಿಗೆ, ಹವಳಕ್ಕೆ ಅದು ಅಂಟುವುದಿಲ್ಲ. ಆದರೆ ಮೀನಿನ ಮೈಯಿಂದ ಕಳಚಿಕೊಂಡ ಮೇಲೆ ಅದು ಗಟ್ಟಿ ಜಾಗ ಹುಡುಕಿ ಕೋಶ ಕಟ್ಟಿಕೊಳ್ಳುತ್ತದೆ. ಬಸವನಹುಳುವಿನ ಚಿಪ್ಪು, ಹವಳದ ತುಂಡು ಅಂಟಿಸಿದ ಪುಟ್ಟ ಬಿಲ್ಲೆ (ಪ್ಲಗ್), ಸನ್ಯಾಸಿ ಏಡಿಯ ಶಂಖ, ಯಾವುದಾದರೂ ಆದೀತು. ಕೋಶದೊಳಗೆ ಒಂದು ನೂರಾಗಿ, ಒಡೆದು ಈಚೆ ಬಂದು ಮೀನನ್ನು ಹುಡುಕುತ್ತದೆ. ಸಾಮಾನ್ಯವಾಗಿ ಕೆಲವೇ ವಾರದಲ್ಲಿ ಒಡೆಯುವ ಈ ಕೋಶ 72 ದಿನ ತಡೆದು ಒಡೆದ ದಾಖಲೆಯೂ ಇದೆ. ಅದಕ್ಕೇ ಈ ಹವ್ಯಾಸದವರು ಮೀನಿಲ್ಲದ ತೊಟ್ಟಿಯಲ್ಲಿ 76 ದಿನ ಎಂದು ಲೆಕ್ಕ ಹಿಡಿಯುತ್ತಾರೆ. ನೀರು 27 ಡಿಗ್ರಿಗಿಂತ ಕೆಳಗಿಳಿಯದಿದ್ದರೆ 45 ದಿನ ಸಾಕು ಎನ್ನುವವರೂ ಇದ್ದಾರೆ. ನಾನು 76ಕ್ಕೇ ನಿಂತಿದ್ದೇನೆ.

ಹೊಸದಾಗಿ ತಂದದ್ದನ್ನು ದೊಡ್ಡ ಟ್ಯಾಂಕಿಗೆ ಬಿಡುವ ಮುಂಚೆ ಅಷ್ಟು ದಿನ ಬೇರೆಯಾಗಿ ಇಡಲೆಂದು ಜುಲೈಯಲ್ಲಿ ಈ ಕ್ವಾರಂಟೈನ್ ತೊಟ್ಟಿ ಕಟ್ಟಿದೆ. ಹದಿನೆಂಟು ಇಂಚು ಉದ್ದ, ಹನ್ನೆರಡು ಅಗಲ, ಹನ್ನೆರಡು ಎತ್ತರ, ಹೆಚ್ಚೂಕಡಿಮೆ 40 ಲೀಟರ್. ತಳಕ್ಕೆ ಮರಳಿಲ್ಲ, ಹಿಂಬದಿಗೆ ಕಪ್ಪು ಹಾಳೆ. ಬೆನ್ನಿಗೆ ನೇತುಹಾಕುವ ಫಿಲ್ಟರ್, ನೀರನ್ನು ಅಲುಗಿಸುವ ಒಂದು ಚಿಕ್ಕ ವೇವ್‌ಮೇಕರ್, ಕ್ಲಿಪ್ ಹಾಕುವ ಎಲ್‌ಇಡಿ, ಹೀಟರ್, ಒಂದು ಪುಟ್ಟ ಫ್ಯಾನ್. ಹವಳದ ತುಂಡುಗಳನ್ನು ನಿಲ್ಲಿಸಲು ಎಗ್ ಕ್ರೇಟ್ ಜಾಲರಿ. ಅಕ್ವೇರಿಯಂ ಅಂಗಡಿಯಲ್ಲಿ ಅದಕ್ಕೆ ದುಬಾರಿ ಬೆಲೆ ಹೇಳಿದರು. ಫಾಲ್ಸ್ ಸೀಲಿಂಗ್ ಲೈಟಿಗೆ ಹಾಕುವ ಅದೇ ಬಿಳಿ ಪ್ಲಾಸ್ಟಿಕ್ ಜಾಲರಿ ಮುಂಬೈಯ ಲೋಹಾರ್ ಚಾಳ ಮಾರುಕಟ್ಟೆಯಲ್ಲಿ ಅಗ್ಗಕ್ಕೆ ಸಿಕ್ಕಿತು. ಸಿಗಡಿಗೆ ಅಡಗಲು ಎರಡು ಪಿವಿಸಿ ಎಲ್ಬೋ. ಎಲ್ಲ ಸೇರಿ ನನಗೆ ಬಿದ್ದದ್ದು ಹದಿಮೂರು ಸಾವಿರ ರೂಪಾಯಿ.

ಇದಕ್ಕೂ ಮುಂಚೆ ಒಂದು ಹಳೇ ತೊಟ್ಟಿ ಕೊಂಡು ಕೈಸುಟ್ಟುಕೊಂಡಿದ್ದೆ. ಮಾರಿದವರು ಕಲ್ಲು, ಸೆರಾಮಿಕ್ ರಿಂಗ್, ಸ್ಪಂಜು ಎಲ್ಲ ಒಟ್ಟಿಗೆ ಕೊಟ್ಟರು, ನಾನೂ ಖುಷಿಯಿಂದ ತಂದೆ. ಅದರಲ್ಲಿ ಬಿಟ್ಟ ಮೂರು ಬಸವನಹುಳು ಎರಡೇ ದಿನದಲ್ಲಿ ಅಂಗಾತ ಬಿದ್ದವು. ತಾಮ್ರದ ಟೆಸ್ಟ್ ಕಿಟ್ ಹಾಕಿ ನೋಡಿದರೆ ಬಣ್ಣ ಏರಿತು. ಅವರು ಅದರಲ್ಲಿ ಮೀನುಗಳಿಗೆ ತಾಮ್ರದ ಔಷಧ ಹಾಕಿದ್ದರು, ಹೇಳಿರಲಿಲ್ಲ. ಸಿಗಡಿ, ಏಡಿಗಳ ರಕ್ತದಲ್ಲಿ ಉಸಿರು ಸಾಗಿಸುವ ಹೀಮೊಸಯನಿನ್ನಿನಲ್ಲೇ ತಾಮ್ರವಿದೆ, ಬಸವನಹುಳುವಿನ ರಕ್ತದಲ್ಲೂ ಅದೇ. ಹಾಗಿದ್ದೂ ನೀರಿನಲ್ಲಿ ಕರಗಿದ ತಾಮ್ರ ಸ್ವಲ್ಪವೇ ಇದ್ದರೂ ಅವುಗಳಿಗೆ ವಿಷ. ಸುಣ್ಣದ ಕಲ್ಲು ಅದನ್ನು ಹಿಡಿದಿಟ್ಟುಕೊಂಡು ಆಮೇಲೆ ನಿಧಾನಕ್ಕೆ ಬಿಡುತ್ತದೆ. ಮೀನಿಗೆ ಔಷಧ ಹಾಕುವ ತೊಟ್ಟಿ ಬೇರೆ, ಇದು ಬೇರೆ. ಬಕೆಟ್, ಬಲೆ, ಸೈಫನ್ ಪೈಪು ಕೂಡ ಬೇರೆಯೇ ಇರಬೇಕು. ನನ್ನ ಮನೆಯಲ್ಲಿ ಇದರ ಸಾಮಾನಿಗೆಲ್ಲ ಕೆಂಪು ಟೇಪು ಸುತ್ತಿದೆ.

ಫಿಲ್ಟರಿನ ಸ್ಪಂಜನ್ನು ನಾಲ್ಕು ವಾರ ಮೊದಲೇ ದೊಡ್ಡ ಟ್ಯಾಂಕಿನ ಸಂಪಿನಲ್ಲಿ (ನೀರು ಸೋಸುವ ಪಕ್ಕದ ತೊಟ್ಟಿ) ಮುಳುಗಿಸಿಟ್ಟಿದ್ದೆ. ಅಮೋನಿಯಾ ತಿನ್ನುವ ಬ್ಯಾಕ್ಟೀರಿಯಾ ಅದರಲ್ಲಿ ಬೇರೂರಿದ್ದರಿಂದ ಮೊದಲ ದಿನದಿಂದಲೂ ತೊಟ್ಟಿ ನಡೆಯಿತು. ಒಮ್ಮೆ ಕ್ವಾರಂಟೈನಿಗೆ ಬಂದ ಸ್ಪಂಜು ಮತ್ತೆ ದೊಡ್ಡ ಟ್ಯಾಂಕಿಗೆ ಹೋಗುವುದಿಲ್ಲ. ಇನ್ನೊಂದು ಮಾತು: ಬೇಕಾದಾಗ ಕಟ್ಟುತ್ತೇನೆ, ಮುಗಿದ ಮೇಲೆ ಅಟ್ಟಕ್ಕೆ ಹಾಕುತ್ತೇನೆ ಎಂದರೆ ಇದು ಕೆಲಸಕ್ಕೆ ಬರುವುದಿಲ್ಲ. ಒಳ್ಳೆಯ ಹವಳ ಕಣ್ಣಿಗೆ ಬಿದ್ದ ದಿನ ತೊಟ್ಟಿ ತಯಾರಿಲ್ಲದಿದ್ದರೆ ಮನಸ್ಸು ಸೀದಾ ದೊಡ್ಡ ಟ್ಯಾಂಕಿನ ಕಡೆಗೇ ಎಳೆಯುತ್ತದೆ. ನನ್ನದು ಮೂರು ವರ್ಷದಿಂದ ಒಂದು ದಿನವೂ ನಿಂತಿಲ್ಲ. ಖಾಲಿ ಇದ್ದಾಗ ಬ್ಯಾಕ್ಟೀರಿಯಾಕ್ಕೆಂದು ಎರಡು ದಿನಕ್ಕೊಮ್ಮೆ ಒಂದು ಚಿಟಿಕೆ ಆಹಾರ ಹಾಕುತ್ತೇನೆ.

ಗಟ್ಟಿ ಹವಳ ನಾನು ಇಡುವುದಿಲ್ಲ. 2001ರಲ್ಲಿ ಸರ್ಕಾರ ದಿಬ್ಬ ಕಟ್ಟುವ ಹವಳಗಳನ್ನೆಲ್ಲ, ಸಮುದ್ರ ಬೀಸಣಿಗೆಗಳನ್ನು, ಸಮುದ್ರ ಸೌತೆಗಳನ್ನು 1972ರ ವನ್ಯಜೀವಿ ಕಾಯ್ದೆಯಲ್ಲಿ ಅತಿ ಹೆಚ್ಚು ರಕ್ಷಣೆ ಕೊಡುವ ಮೊದಲ ಷೆಡ್ಯೂಲಿಗೆ ಸೇರಿಸಿತು. ನಮ್ಮ ಕಡಲಿನಿಂದ ಕಿತ್ತು ತಂದದ್ದನ್ನು ಯಾರು ಎಷ್ಟು ಕಡಿಮೆಗೆ ಕೊಟ್ಟರೂ ಮುಟ್ಟಬಾರದು. ನನ್ನಲ್ಲಿರುವುದು ಬೇರೆ ಹವ್ಯಾಸಿಗಳು ಮನೆಯಲ್ಲೇ ಬೆಳೆಸಿ ತುಂಡು ಮಾಡಿ ಕೊಟ್ಟ ಜೊವಾಂತಿಡ್, ಮಶ್ರೂಮ್, ಲೆದರ್ ಎಂಬ ಮೆತ್ತನೆಯ ಜಾತಿಗಳು.

ಈ ತೊಟ್ಟಿಯ ನಿಜವಾದ ಉಪಯೋಗ ನನಗೆ ಅರ್ಥವಾದದ್ದು 2023ರ ಒಂದು ರಾತ್ರಿ. ಹಸಿರು ಜೊವಾಂತಿಡ್ ತುಂಡು ತಂದು ಒಂಬತ್ತು ದಿನವಾಗಿತ್ತು. ಬಂದ ದಿನವೇ ಹುಳು ಉದುರಿಸುವ ಡಿಪ್ ದ್ರಾವಣದಲ್ಲಿ ಅದ್ದಿ, ಪಿಪೆಟ್ಟಿನಿಂದ ನೀರು ಚಿಮ್ಮಿಸಿ ತೊಳೆದಿದ್ದೆ. ಎರಡು ಪಾಲಿಪ್ (ಹೂವಿನಂತೆ ಅರಳುವ ಬಿಡಿ ಹವಳಜೀವಿ) ಮಾತ್ರ ಮೂರು ದಿನದಿಂದ ಮುಚ್ಚಿಕೊಂಡೇ ಇದ್ದವು. ದೀಪ ಆರಿ ಎರಡು ಗಂಟೆ ಕಳೆದ ಮೇಲೆ ಕೆಂಪು ಟಾರ್ಚ್ ಹಿಡಿದು ಭೂತಗನ್ನಡಿಯಲ್ಲಿ ನೋಡುತ್ತಿದ್ದೆ. ಒಂದು ಪಾಲಿಪ್ ನಡೆಯಿತು. ಅಕ್ಕಿಕಾಳಿನಷ್ಟು ಉದ್ದ, ಬೆನ್ನ ತುಂಬ ಎಳೆ ಎಳೆ, ತುದಿಯಲ್ಲಿ ಅದೇ ಹಸಿರು. ಜೊವಾಂತಿಡ್ ತಿನ್ನುವ ನ್ಯೂಡಿಬ್ರಾಂಚ್, ಅಂದರೆ ಚಿಪ್ಪಿಲ್ಲದ ಕಡಲ ಹುಳು ಅದು. ತಿಂದ ಪಾಲಿಪ್ಪಿನ ಬಣ್ಣವನ್ನೇ ಮೈಗೆ ತುಂಬಿಕೊಳ್ಳುವುದರಿಂದ ಹಗಲಲ್ಲಿ ಎಷ್ಟು ನೋಡಿದರೂ ಕಾಣದು. ಪಾಲಿಪ್ಪಿನ ಬುಡದಲ್ಲಿ ಬಿಳೀ ದಾರ ಸುತ್ತಿಟ್ಟಂತೆ ಒಂದು ಸುರುಳಿ ಇತ್ತು. ಮೊಟ್ಟೆ.

ಡಿಪ್ ಬಾಟಲಿಯ ವಿಮರ್ಶೆ ಇಲ್ಲೇ ಬರೆಯುತ್ತೇನೆ. ಬೆಳೆದ ಹುಳುವನ್ನು ಅದು ಉದುರಿಸುತ್ತದೆ, ಮೊಟ್ಟೆಯನ್ನು ಏನೂ ಮಾಡುವುದಿಲ್ಲ. ನಾನು ಬಳಸಿದ ಎರಡು ಕಂಪನಿಯದ್ದೂ ಅಷ್ಟೇ. ಒಮ್ಮೆ ಅದ್ದಿದರೆ ಆಯಿತು ಎಂದು ಅಂಗಡಿಯವರು ಹೇಳಿದರೆ ನಂಬಬೇಡಿ. ಸುರುಳಿಯನ್ನು ಹಳೇ ಟೂತ್‌ಬ್ರಷ್ಷಿನಿಂದ ಕೆರೆದು ತೆಗೆದು, ಆರು ದಿನಕ್ಕೊಮ್ಮೆಯಂತೆ ಐದು ಸಲ ಅದ್ದಿದೆ. ಮೂರನೆಯ ಸಲಕ್ಕೆ ಕೂದಲೆಳೆಯಷ್ಟು ಚಿಕ್ಕ ಮರಿಗಳು ಎರಡು ಬಿದ್ದವು, ಆಮೇಲೆ ಏನೂ ಇಲ್ಲ. ಅದೇ ತುಂಡು ಸೀದಾ ದೊಡ್ಡ ಟ್ಯಾಂಕಿಗೆ ಹೋಗಿದ್ದರೆ ಬಂಡೆಯ ಸಂದುಗಳಲ್ಲಿ ಅವನ್ನು ಹುಡುಕಲು ಸಾಧ್ಯವೇ ಇರಲಿಲ್ಲ. ಜೊವಾಂತಿಡ್ ಮುಟ್ಟುವಾಗ ಕೈಗವಸು, ಕನ್ನಡಕ ಕಡ್ಡಾಯ. ಕೆಲವು ಜಾತಿಗಳಲ್ಲಿ ಪಾಲಿಟಾಕ್ಸಿನ್ ಎಂಬ ಭಾರೀ ವಿಷವಿದೆ. ಆ ಕಲ್ಲನ್ನು ಬಿಸಿನೀರಿನಲ್ಲಿ ತೊಳೆಯುವುದು, ಕುದಿಸುವುದು ಜೀವಕ್ಕೇ ಅಪಾಯ.

ಹವಳ ಬಂದ ಪ್ಲಗ್ಗನ್ನು ನಾನು ಇಟ್ಟುಕೊಳ್ಳುವುದಿಲ್ಲ. ತುಂಡನ್ನು ಬಿಡಿಸಿ ಹೊಸ ಪ್ಲಗ್ಗಿಗೆ ಅಂಟಿಸಿ ಹಳೆಯದನ್ನು ಎಸೆಯುತ್ತೇನೆ. ಹವಳದ ಜೊತೆ ನುಸುಳುವ ಪೀಡೆ, ಏಪ್ಟೇಸಿಯಾ ಎಂಬ ಕಂದು ಅನಿಮೋನ್ ಬರುವುದು ಹೆಚ್ಚಾಗಿ ಅದರ ಬುಡದಲ್ಲೇ. ಅದನ್ನು ಚಿವುಟಬೇಡಿ, ಉಳಿದ ಚೂರೂ ಹೊಸ ಗಿಡದಂತೆ ಎದ್ದು ನಿಲ್ಲುತ್ತದೆ. ಕ್ಯಾಲ್ಸಿಯಂ ಹೈಡ್ರಾಕ್ಸೈಡನ್ನು ಗಟ್ಟಿಯಾಗಿ ಕಲಸಿ ಸಿರಿಂಜಿನಿಂದ ಅದರ ಬಾಯಿಗೇ ಬಿಡಬೇಕು. ವೀಳ್ಯಕ್ಕೆ ಹಚ್ಚುವ ಸುಣ್ಣವೂ ಅದೇ ವಸ್ತು, ಆದರೆ ತೊಟ್ಟಿಗೆ ಅಕ್ವೇರಿಯಂನವರು ಮಾರುವ ಶುದ್ಧ ಪುಡಿಯನ್ನೇ ಬಳಸಿ.

ಸಿಗಡಿಯನ್ನು ಡಿಪ್‌ನಲ್ಲಿ ಅದ್ದಬಾರದು, ಸಾಯುತ್ತದೆ. ಒಂದೂವರೆ ಗಂಟೆ ಹನಿ ಹನಿಯಾಗಿ ನೀರು ಬೆರೆಸಿ, ಚೀಲದ ನೀರು ಬಿಟ್ಟು, ಸಿಗಡಿಯನ್ನು ಮಾತ್ರ ಎತ್ತಿ ಹಾಕುತ್ತೇನೆ. ಕುಂದಾಪುರದಿಂದ ಬಂದಿದ್ದ ಅಮ್ಮ ಒಂದು ಬೆಳಿಗ್ಗೆ ಗಾಬರಿಯಿಂದ ಕರೆದರು, "ಚಟ್ಲಿ ಸತ್ತ್ ಹೋಯ್ತ್ ಕಾಣ್ ಮಗಾ." ಮೀಸೆಯ ಸಮೇತ ಪೂರ್ತಿ ಸಿಗಡಿಯ ಆಕಾರ ತಳದಲ್ಲಿ ಬಿದ್ದಿತ್ತು. ಅದು ಕಳಚಿದ ಪೊರೆ. ಸಿಗಡಿ ಎಲ್ಬೋದೊಳಗೆ ಮೆತ್ತಗಿನ ಮೈ ಗಟ್ಟಿಯಾಗುವವರೆಗೆ ಅಡಗಿತ್ತು. ಬರೀ ತಳ ಇರುವುದರಿಂದ ಇಂಥದ್ದೆಲ್ಲ ಸ್ಪಷ್ಟವಾಗಿ ಕಾಣುತ್ತದೆ.

ಸಾಮಾನಿನಲ್ಲಿ ಪೂರ್ತಿ ದಂಡವಾದದ್ದು ನೀರಿನ ಉಪ್ಪು ಅಳೆಯುವ, ಮುಳ್ಳು ತೂಗುವ ಪ್ಲಾಸ್ಟಿಕ್ ಹೈಡ್ರೊಮೀಟರ್. ಮುಳ್ಳಿಗೆ ಗಾಳಿಗುಳ್ಳೆ ಅಂಟಿದರೆ ಅದು ಮೇಲೇರಿ ಉಪ್ಪು ಇರುವುದಕ್ಕಿಂತ ಹೆಚ್ಚು ತೋರಿಸುತ್ತದೆ. ನನ್ನದು 1.025 ಎಂದಾಗ ಬೆಳಕಿನಿಂದ ಉಪ್ಪು ಅಳೆಯುವ ರಿಫ್ರಾಕ್ಟೊಮೀಟರ್ 1.021 ಎಂದಿತು. ರಿಫ್ರಾಕ್ಟೊಮೀಟರನ್ನೂ ಬರೀ ಆರ್‌ಒ ನೀರಿನಲ್ಲಿ ಸೊನ್ನೆ ಮಾಡಿ ಬಿಡಬೇಡಿ, 35 ಪಿಪಿಟಿ (ಸಾವಿರಕ್ಕೆ 35 ಪಾಲು ಉಪ್ಪು) ದ್ರಾವಣದಲ್ಲಿ ಸರಿಪಡಿಸಿಕೊಳ್ಳಿ. ಕ್ಲಿಪ್ ಲೈಟಿನ ಸ್ಪ್ರಿಂಗ್ ಒಂದೇ ವರ್ಷಕ್ಕೆ ತುಕ್ಕು ಹಿಡಿಯಿತು, ಈಗ ಸ್ಟೀಲ್ ಕ್ಲ್ಯಾಂಪ್ ಹಾಕಿದ್ದೇನೆ. ಹೀಟರ್ ನಮ್ಮೂರಲ್ಲಿ ಜನವರಿಯ ಕೆಲವು ರಾತ್ರಿ ಬಿಟ್ಟರೆ ಸುಮ್ಮನೆ ನೇತಾಡುತ್ತದೆ.

ಫ್ಯಾನಿನ ವಿಷಯ ಸ್ವಲ್ಪ ವಿವರವಾಗಿ ಹೇಳಬೇಕು, ಮುಂಬೈ ಸುತ್ತಮುತ್ತಲಿನವರಿಗೆ ತೊಂದರೆ ಕೊಡುವುದು ಅದೇ. ಏಪ್ರಿಲ್, ಮೇ ತಿಂಗಳಲ್ಲಿ ನೀರು 31 ಡಿಗ್ರಿ ಮುಟ್ಟುತ್ತದೆ. ಮೇಲ್ಮೈಗೆ ಫ್ಯಾನ್ ಬೀಸಿದರೆ ನೀರು ಆವಿಯಾಗಿ ಎರಡು, ಎರಡೂವರೆ ಡಿಗ್ರಿ ಇಳಿಯುತ್ತದೆ. ಆದರೆ ದಿನಕ್ಕೆ ಒಂದು ಲೀಟರ್ ನೀರು ಹೋಗಿ ಉಪ್ಪು ಏರುತ್ತದೆ. 40 ಲೀಟರಿನಲ್ಲಿ ಒಂದು ಲೀಟರ್ ಸಣ್ಣದಲ್ಲ. ಬೆಳಿಗ್ಗೆ, ರಾತ್ರಿ ಎರಡು ಹೊತ್ತೂ ಗಾಜಿನ ಗುರುತಿನವರೆಗೆ ಆರ್‌ಒ ನೀರು ತುಂಬಿಸಲೇಬೇಕು. ಜೂನ್‌ನಲ್ಲಿ ಮಳೆ ಹಿಡಿದ ಮೇಲೆ ಗಾಳಿಯೇ ಒದ್ದೆಯಾಗಿ ಆವಿಯಾಗುವುದು ಕಡಿಮೆ, ಫ್ಯಾನ್ ತಿರುಗಿದರೂ ಅರ್ಧ ಡಿಗ್ರಿ ಇಳಿಯುವುದು ಕಷ್ಟ. ಅಂಥ ವಾರಗಳಲ್ಲಿ ಬಾಟಲಿಯಲ್ಲಿ ಹೆಪ್ಪುಗಟ್ಟಿಸಿದ ನೀರನ್ನು ತೊಟ್ಟಿಯಲ್ಲಿ ತೇಲಿಬಿಡುತ್ತೇನೆ, ಬೆಳಕನ್ನು ಸಂಜೆಗೆ ತಳ್ಳುತ್ತೇನೆ. ಶುಕ್ರವಾರ ದುರಸ್ತಿಗೆಂದು ಕರೆಂಟ್ ತೆಗೆದರೆ ಬ್ಯಾಟರಿಯ ಏರ್ ಪಂಪ್ ಇದೆ. ಆರುನೂರು ರೂಪಾಯಿಯ ಆ ಪಂಪ್ ಮೂರು ವರ್ಷದಲ್ಲಿ ಒಮ್ಮೆಯೂ ಕೈಕೊಟ್ಟಿಲ್ಲ.

ಮೂರು ವರ್ಷದಲ್ಲಿ ಇದರಿಂದ ಹಾದುಹೋದದ್ದು ಹನ್ನೊಂದು ಹವಳದ ತುಂಡು, ಐದು ಸಿಗಡಿ, ಇಪ್ಪತ್ತರ ಮೇಲೆ ಬಸವನಹುಳು. ಮೂರು ಹುಳು, ಒಂದು ಮಶ್ರೂಮ್ ಇಲ್ಲೇ ಸತ್ತವು. ದೊಡ್ಡ ಟ್ಯಾಂಕಿನಲ್ಲಿ ಬಿಳಿ ಚುಕ್ಕಿ ಮತ್ತೆ ಕಂಡಿಲ್ಲ. ಹೊಸ ಕ್ಲೌನ್ ಜೋಡಿ ಕಳೆದ ವರ್ಷದಿಂದ ಲೆದರ್ ಹವಳದ ಬುಡದಲ್ಲಿ ಮೊಟ್ಟೆ ಇಡುತ್ತಿವೆ. ತೊಟ್ಟಿಯಲ್ಲಿ ಈಗ ಒಂದು ಕೆಂಪು ಮಶ್ರೂಮ್, ಮೂರು ಬಸವನಹುಳು ಇವೆ. ಫ್ರಿಜ್ಜಿನ ಪಕ್ಕದ ಕಾಲನಿರ್ಣಯ ಕ್ಯಾಲೆಂಡರಿನಲ್ಲಿ ಇವತ್ತಿಗೆ 41 ದಿನ ಎಂದು ಬರೆದಿದ್ದೇನೆ.