ಕಾಲಮ್ಮೋ ಅಯಸ್ಕಾಂತವೋ: ಒಂದೇ ಹಸಿರು ಪ್ರೋಟೀನಿಗೆ ಮೂರು ದಾರಿ

ಹನಿ ಬೀಳುವುದನ್ನು ಕಾಯುತ್ತ ಕೂರುವ ತಾಳ್ಮೆ ನನಗಿಲ್ಲ. ಕೋಶಗಳ ರಸದಿಂದ ಬೇಕಾದ ಪ್ರೋಟೀನನ್ನಷ್ಟೇ ಬೇರ್ಪಡಿಸಲು ನಿಕೆಲ್ ಕಾಲಮ್ (ನಿಕೆಲ್ ಹಿಡಿದ ಮಣಿಗಳನ್ನು ತುಂಬಿದ ಕೊಳವೆ) ಬಿಟ್ಟು ಕಾಂತೀಯ ನ್ಯಾನೊಕಣಗಳತ್ತ ತಿರುಗಿದ್ದಕ್ಕೆ ವಿಜ್ಞಾನಕ್ಕಿಂತ ಮೊದಲ ಕಾರಣ ಅದೇ.

ಪರೀಕ್ಷೆಗೆ ಆರಿಸಿಕೊಂಡದ್ದು ಜಿಎಫ್‌ಪಿ, ಅಂದರೆ ಜೆಲ್ಲಿ ಮೀನಿನಲ್ಲಿ ಮೊದಲು ಸಿಕ್ಕ ಹಸಿರು ಪ್ರೋಟೀನು. ತುದಿಗೆ ಹಿಸ್ಟಿಡಿನ್ ಎಂಬ ಅಮೈನೊ ಆಮ್ಲದ ಆರು ಕೊಂಡಿಗಳ ಬಾಲ ಸೇರಿಸಿ ಇ. ಕೋಲಿ ಬ್ಯಾಕ್ಟೀರಿಯಾದಲ್ಲಿ ಬೆಳೆಸಿದ್ದೆ. ಬಾಲ ನಿಕೆಲ್ಲನ್ನು ಹಿಡಿದುಕೊಳ್ಳುತ್ತದೆ, ನಿಕೆಲ್ಲಿಗೆ ಅದರೊಡನೆ ಪೈಪೋಟಿ ನಡೆಸುವ ಇಮಿಡಜೋಲ್ ಎಂಬ ರಾಸಾಯನಿಕ ಹೆಚ್ಚಾದರೆ ಬಿಟ್ಟುಬಿಡುತ್ತದೆ. ಹಸಿರು ಎಲ್ಲಿದೆಯೋ ಪ್ರೋಟೀನು ಅಲ್ಲಿದೆ, ಕಣ್ಣೇ ಸಾಕ್ಷಿ.

ಕಾಲಮ್ಮಿನ ಸೊಗಸನ್ನು ಅಲ್ಲಗಳೆಯಲಾರೆ. ಒಡೆದ ಕೋಶಗಳ ರಸ ಸುರಿದಾಗ ಅಗರೋಸ್ ಮಣಿಗಳ ಮೇಲ್ಪದರದಲ್ಲಿ ಹಸಿರು ಪಟ್ಟಿ ಕಟ್ಟುತ್ತದೆ. 250 ಮಿಲಿಮೋಲಾರ್ ಇಮಿಡಜೋಲ್ ಬಿಟ್ಟರೆ ಆ ಪಟ್ಟಿ ಇಡಿಯಾಗಿ ಕೆಳಗಿಳಿಯುತ್ತದೆ. ಆದರೆ ಡಿಎನ್‌ಎ ಚೆನ್ನಾಗಿ ತುಂಡಾಗದಿದ್ದರೆ ರಸ ಲೋಳೆಯಾಗಿ ಕಾಲಮ್ ಕಟ್ಟಿಕೊಳ್ಳುತ್ತದೆ. ಆಮೇಲೆ ಇಡೀ ಮಧ್ಯಾಹ್ನ ಅದರ ಸೇವೆ.

ಎರಡನೆಯದು ಏನೂ ಹೊದಿಸದ ಮ್ಯಾಗ್ನೆಟೈಟ್, ಅಂದರೆ ಅಯಸ್ಕಾಂತಕ್ಕೆ ಸೆಳೆಯಲ್ಪಡುವ ಕಬ್ಬಿಣದ ಆಕ್ಸೈಡಿನ ಕಣಗಳು. ಫೆರಿಕ್ ಮತ್ತು ಫೆರಸ್ ಲವಣಗಳನ್ನು 2:1ರಲ್ಲಿ ಬೆರೆಸಿ ಅಮೋನಿಯಾ ಸುರಿದರೆ ಕಾಡಿಗೆಯಂಥ ಕಪ್ಪು ತಳಕ್ಕಿಳಿಯುತ್ತದೆ. ಅಗ್ಗ, ಅಷ್ಟೇ. ಸಿಕ್ಕ ಪ್ರೋಟೀನನ್ನೆಲ್ಲ ಮೈಗೆ ಮೆತ್ತಿಕೊಂಡಿತು. ಪ್ರೋಟೀನುಗಳನ್ನು ಗಾತ್ರದಂತೆ ಬಿಡಿಸಿ ತೋರಿಸುವ ಜೆಲ್‌ನಲ್ಲಿ, ಜಿಎಫ್‌ಪಿಯ ತೂಕವಾದ 27 ಕಿಲೋಡಾಲ್ಟನ್ ಆಸುಪಾಸಿನಲ್ಲಿ ಒಂದೇ ಗೆರೆ ಬರಬೇಕಿದ್ದಲ್ಲಿ ಮೇಲಿಂದ ಕೆಳಗಿನವರೆಗೆ ಏಣಿ ನಿಂತಿತ್ತು.

ಮೂರನೆಯ ದಾರಿಯಲ್ಲಿ ಅದೇ ಕಣಗಳಿಗೆ ಸಿಲಿಕಾ ಹೊದಿಸಿ, ಎನ್‌ಟಿಎ ಎಂಬ ಕೊಕ್ಕೆ ಜೋಡಿಸಿ, ಅದರಲ್ಲಿ ನಿಕೆಲ್ ಕೂರಿಸಿದ ಮೇಲೆ ಏಣಿ ಹೆಚ್ಚುಕಡಿಮೆ ಮಾಯ. ಒಳಗಿನ ಕಬ್ಬಿಣ ಮೊದಲಿನದೇ, ಬದಲಾದದ್ದು ಮೈ ಮಾತ್ರ. ಡಿಕಾಕ್ಷನ್ ಬಣ್ಣದ ಟ್ಯೂಬನ್ನು ನಿಯೋಡಿಮಿಯಮ್ ಅಯಸ್ಕಾಂತಕ್ಕೆ ಒರಗಿಸಿದರೆ ಕಣಗಳು ಒಂದು ಗೋಡೆಗೆ ಸರಿದು ದ್ರವ ತಿಳಿಯಾಗುತ್ತದೆ. ಅಯಸ್ಕಾಂತ ತೆಗೆದು ಅಲುಗಿಸಿದರೆ ಮತ್ತೆ ಚದುರುತ್ತವೆ. ಇಷ್ಟು ಚಿಕ್ಕ ಹರಳುಗಳು ಕಾಂತತ್ವವನ್ನು ಉಳಿಸಿಕೊಳ್ಳುವುದಿಲ್ಲ. ಕಟ್ಟಿಕೊಳ್ಳುವ ಮಾತೇ ಇಲ್ಲ. ಹನ್ನೆರಡು ಮಾದರಿಗಳನ್ನು ಒಟ್ಟಿಗೆ ಸಾಲಾಗಿ ನಿಲ್ಲಿಸಬಹುದು.

ಲೋಹಗಳನ್ನು ಗಟ್ಟಿಯಾಗಿ ಹಿಡಿಯುವ ಇಡಿಟಿಎ ಬೆರೆತ ಬಫರ್ ಮಾತ್ರ ಕಾಲಮ್ಮಿಗೂ ನಿಕೆಲ್ ಕಣಗಳಿಗೂ ಶತ್ರು. ಅದು ನಿಕೆಲ್ಲನ್ನೇ ಕಿತ್ತುಕೊಂಡು ಹೋಗುತ್ತದೆ. ಪ್ರೋಟೀನು ಕೊಳೆಯದಂತೆ ಕಾಯುವ ಮಾತ್ರೆಯಲ್ಲೂ ಅದು ಇರಬಹುದು. ಒಮ್ಮೆ ಅದರ ಡಬ್ಬಿಯ ಮೇಲಿನ ಬರಹ ಓದದೆ ರಸಕ್ಕೆ ಹಾಕಿ, ಅಷ್ಟೂ ಹಸಿರನ್ನು ತೊಳೆದ ನೀರಿನಲ್ಲಿ ಕಂಡೆ.

ಪ್ರೋಟೀನಿನ ಹತ್ತಾರು ರೂಪಾಂತರಗಳಲ್ಲಿ ಯಾವುದು ಚೆನ್ನಾಗಿ ಬೆಳೆದಿದೆ ಎಂದು ನೋಡಲು ಈಗ ನಾನು ಅಯಸ್ಕಾಂತವನ್ನೇ ಹಿಡಿಯುತ್ತೇನೆ. ಒಂದು ಲೀಟರ್ ಬ್ಯಾಕ್ಟೀರಿಯಾ ಬೆಳೆಸಿದ ದ್ರವದಿಂದ ಹತ್ತಾರು ಮಿಲಿಗ್ರಾಂ ಬೇಕೆಂದರೆ ಗೊಣಗುತ್ತಲೇ ಕಾಲಮ್ಮಿಗೆ ಮರಳುತ್ತೇನೆ. ಅಷ್ಟು ಪ್ರಮಾಣಕ್ಕೆ ಬೇಕಾಗುವ ಕಣಗಳ ಖರ್ಚು ನಮಗೆ ಹೊರೆ.

ಇನ್ನೊಂದು: ತೀರಾ ಸಣ್ಣ ಕಣಗಳು ಗೋಡೆ ಸೇರಲು ಹೊತ್ತು ತೆಗೆದುಕೊಳ್ಳುತ್ತವೆ. ಅವಸರದಲ್ಲಿ ಪಿಪೆಟ್ ಹಾಕಿದ ದಿನ ಪ್ರೋಟೀನು ಅಳೆಯಲು ಬಳಸುವ 280 ನ್ಯಾನೊಮೀಟರ್ ಬೆಳಕಿನಲ್ಲಿ ಭರ್ಜರಿ ಅಂಕಿ ಬಂದು ಹಿಗ್ಗಿದ್ದೆ. ಅದೇ ಟ್ಯೂಬನ್ನು ಮತ್ತೆ ಅಯಸ್ಕಾಂತಕ್ಕೆ ಹಿಡಿದರೆ ಗೋಡೆಯ ಮೇಲೆ ನವಿರಾದ ಕಂದು ಗೆರೆ. ನಾನು ಅಳೆದದ್ದರಲ್ಲಿ ಪ್ರೋಟೀನಿಗಿಂತ ತುಕ್ಕೇ ಜಾಸ್ತಿಯಿತ್ತು.